ತುಪ್ಪದ ಐದೂವರೆ ರೂಪಾಯಿ ಮತ್ತು ನಿಮ್ಮ ‘ಶೇ’

ಮಾನ್ಯ ಸಂಪಾದಕರಿಗೆ ನಮಸ್ಕಾರ.

ನಾನು ನಾಗಮಂಗಲ ತಾಲ್ಲೂಕಿನ ಒಂದು ಹಳ್ಳಿಯ ಮಹಿಳಾ ಹಾಲು ಉತ್ಪಾದಕರ ಸಂಘದಲ್ಲಿ ಹಾಲು ಪರೀಕ್ಷೆ ಮಾಡುವವಳು. ಈ ಕೆಲಸಕ್ಕೆ ಸೇರಿ ಹತ್ತೊಂಬತ್ತು ವರ್ಷವಾಯಿತು. ನಿಮ್ಮ ಪತ್ರಿಕೆ ನಮ್ಮ ಡೈರಿಗೆ ಬೆಳಗ್ಗೆ ಆರೂವರೆಗೆ ಬರುತ್ತದೆ. ಆಗ ಹಾಲು ಹಾಕುವವರ ಸಾಲು ಇನ್ನೂ ಕರಗಿರುವುದಿಲ್ಲ. ಹಾಗಾಗಿ ನಿಮ್ಮ ತಲೆಬರಹಗಳ ಮೇಲಿನ ಮೊದಲ ಜಗಳ ನಮ್ಮ ಜಗಲಿಯ ಮೇಲೇ ಆಗುವುದು. ಈ ಪತ್ರ ಬರೆಯಬೇಕೆಂದು 2025ರ ಸೆಪ್ಟೆಂಬರಿನಿಂದ ಅಂದುಕೊಳ್ಳುತ್ತಲೇ ಇದ್ದೆ. ನವೆಂಬರಿನಲ್ಲಿ ಇನ್ನೊಂದು ಕಾರಣ ಸಿಕ್ಕಿತು, ಈ ಡಿಸೆಂಬರಿನಲ್ಲಿ ಮೂರನೆಯದು. ಇನ್ನು ತಡೆಯಲಾರೆ.

ಮೊದಲು ಸೆಪ್ಟೆಂಬರಿನದು. 22ನೇ ತಾರೀಖು ಸೋಮವಾರ, ನವರಾತ್ರಿಯ ಮೊದಲ ದಿನ. ಅವತ್ತಿನಿಂದ ತುಪ್ಪದ ಮೇಲಿನ ಜಿಎಸ್‌ಟಿ 12 ಇದ್ದದ್ದು 5ಕ್ಕೆ ಇಳಿಯಿತು. ನೀವು ಹಾಕಿದ್ದ ತಲೆಬರಹ, ತುಪ್ಪ ಶೇ 7 ಅಗ್ಗ ಅಂತ. ನಂದಿನಿ ತುಪ್ಪ ಲೀಟರಿಗೆ 650 ಇದ್ದದ್ದು 610 ಆಗಿತ್ತು. ಹಬ್ಬಕ್ಕೆ ನಮ್ಮ ಸಂಘದಲ್ಲೂ ತುಪ್ಪ ತರಿಸಿ ಮಾರುತ್ತೇವೆ, ದರಪಟ್ಟಿ ಗೋಡೆಗೆ ಅಂಟಿಸಿದ್ದೆ. ನಮ್ಮ ಭಾವ ಒಂದು ಕಣ್ಣು ಪೇಪರಿನ ಮೇಲೆ, ಒಂದು ಕಣ್ಣು ಪಟ್ಟಿಯ ಮೇಲೆ ಇಟ್ಟು, ಬೆರಳು ಮಡಿಸಿ ಲೆಕ್ಕ ಹಾಕಿದರು. ನೂರಕ್ಕೆ ಏಳು ಅಂದರೆ ಆರುನೂರಕ್ಕೆ ನಲವತ್ತೆರಡು, ಮಿಕ್ಕ ಐವತ್ತಕ್ಕೆ ಮೂರೂವರೆ. ಒಟ್ಟು ನಲವತ್ತೈದೂವರೆ.

‘ನೋಡಮ್ಮಾ, 604 ರೂಪಾಯಿ 50 ಪೈಸೆ ಆಗ್ಬೇಕಾಗಿತ್ತು. ನಿಮ್ಮೋರು 610 ಹಾಕವ್ರೆ. ನಡುವೆ ಐದೂವರೆ ರೂಪಾಯಿ ಯಾರ ಹೊಟ್ಟೆಗೆ ಹೋಯ್ತು?’

ಸುಳ್ಳು ಹೇಳುವುದಿಲ್ಲ, ಒಂದು ಗಳಿಗೆ ನನಗೂ ಹೌದಲ್ಲ ಅನಿಸಿತು. ಸಾಲಿನಲ್ಲಿದ್ದವರೆಲ್ಲ ತಿರುಗಿದರು. ‘ಒಸಿ ತಡೀರಿ ಭಾವ’ ಅಂದು ಹಾಲಿನ ಚೀಟಿಯೊಂದನ್ನು ಹಿಂದುಮುಂದು ಮಾಡಿ, ಅಳತೆ ಮುಗಿಸಿ, ಕ್ಯಾನುಗಳು ಹೋದ ಮೇಲೆ ಲೆಕ್ಕಕ್ಕೆ ಕುಳಿತೆ.

650 ಅನ್ನುವುದು ತುಪ್ಪದ ಬೆಲೆಯಲ್ಲ, ತುಪ್ಪ ಮತ್ತು ತೆರಿಗೆ ಎರಡೂ ಸೇರಿದ ಬೆಲೆ. ತುಪ್ಪ ನೂರು ಪಾಲು, ತೆರಿಗೆ ಹನ್ನೆರಡು ಪಾಲು, ಒಟ್ಟು 112 ಪಾಲು. ಹಾಗಾಗಿ 650ನ್ನು 112ರಿಂದ ಭಾಗಿಸಿ ನೂರರಿಂದ ಗುಣಿಸಬೇಕು. ತುಪ್ಪದ ನಿಜ ಬೆಲೆ 580 ರೂಪಾಯಿ 36 ಪೈಸೆ ಬಂತು. ತೆರಿಗೆ 69 ರೂಪಾಯಿ 64 ಪೈಸೆ. ಇನ್ನು ಮುಂದೆ ಇದೇ 580.36ರ ಮೇಲೆ ನೂರಕ್ಕೆ ಐದು, ಅಂದರೆ 29 ರೂಪಾಯಿ 2 ಪೈಸೆ. ಎರಡೂ ಕೂಡಿಸಿದರೆ 609 ರೂಪಾಯಿ 38 ಪೈಸೆ. ಬೋರ್ಡಿನ ಮೇಲಿದ್ದದ್ದು 610. ಯಾರೂ ಏನೂ ನುಂಗಿರಲಿಲ್ಲ.

ಭಾವನ ಏಳೂ ಸುಳ್ಳಲ್ಲ. 580.36ಕ್ಕೆ ನೂರಕ್ಕೆ ಏಳು ಹಾಕಿ ನೋಡಿ, 40 ರೂಪಾಯಿ 63 ಪೈಸೆ. ಅಷ್ಟೇ ಇಳಿದದ್ದು. ಅವರು ಅದೇ ಏಳನ್ನು 650ರ ಮೇಲೆ ಹಾಕಿದರು, ಯಾಕೆಂದರೆ ನಿಮ್ಮ ತಲೆಬರಹ ಯಾವುದರ ಮೇಲೆ ಏಳು ಅಂತ ಹೇಳಲೇ ಇಲ್ಲ. ಅಂಗಡಿಯಲ್ಲಿ ದುಡ್ಡು ಎಣಿಸಿಕೊಡುವವನಿಗೆ ತುಪ್ಪ ಅಗ್ಗವಾದದ್ದು 650ಕ್ಕೆ 40, ಅಂದರೆ ನೂರಕ್ಕೆ ಆರು ಚಿಲ್ಲರೆ. ಚೀಟಿ ತೋರಿಸಿದೆ. ಭಾವ ಎರಡು ಸಲ ಓದಿ, ಕನ್ನಡಕ ತೆಗೆದು, ‘ಸರಿ, ಆದ್ರೂ ಅರವತ್ತೆರಡು ಪೈಸೆ ಜಾಸ್ತಿ ತಗೊಂಡವ್ರೆ’ ಅಂದರು. ಅದನ್ನು ನಾನು ಒಪ್ಪಿಕೊಂಡೆ.

ನವೆಂಬರಿನಲ್ಲಿ ಅದೇ ತುಪ್ಪಕ್ಕೆ 90 ರೂಪಾಯಿ ಏರಿ 700 ಆಯಿತು. ಆಗ ಜಗಲಿಯ ಮೇಲೆ ಕಾಲೇಜು ಓದುವ ಹುಡುಗನೊಬ್ಬ, ‘ಆಂಟೀ, ಇಳಿದದ್ದು 6.15, ಏರಿದ್ದು 14.75, ಕಳೆದರೆ 8.60. ಎರಡು ತಿಂಗಳಲ್ಲಿ ತುಪ್ಪ ಎಂಟೂವರೆ ಪರ್ಸೆಂಟ್ ಮೇಲೆ’ ಅಂದ. ಮೊಬೈಲಿನಲ್ಲಿ ಹಾಕಿದ ಲೆಕ್ಕ, ಎರಡೂ ಅಂಕಿ ಸರಿ. ಕಳೆದದ್ದು ಮಾತ್ರ ತಪ್ಪು. 6.15 ಬಂದದ್ದು 650ರ ಮೇಲೆ, 14.75 ಬಂದದ್ದು 610ರ ಮೇಲೆ. ಬೇರೆ ಬೇರೆ ನೂರುಗಳ ಲೆಕ್ಕವನ್ನು ಕೂಡಿಸಿ ಕಳೆದರೆ ಎತ್ತಿಗೂ ಎಮ್ಮೆಗೂ ಒಂದೇ ನೊಗ ಕಟ್ಟಿದ ಹಾಗೆ. 650 ಇದ್ದದ್ದು 700 ಆಯಿತು, ಏರಿದ್ದು 50 ರೂಪಾಯಿ, ನೂರಕ್ಕೆ ಏಳೂ ಮುಕ್ಕಾಲಿಗೆ ಸ್ವಲ್ಪ ಕಡಿಮೆ. ಶಾಲೆಯ ತ್ರೈರಾಶಿ ನೆನಪಿರುವ ಯಾರಿಗಾದರೂ ಇಷ್ಟು ಸಾಕು.

ಬೆಲೆ ವಿಷಯ ಬಂದಾಗ ಇನ್ನೊಂದು ನೆನಪಾಗುತ್ತದೆ. 2024ರ ಜೂನಿನಲ್ಲಿ ನಂದಿನಿ ಹಾಲಿನ ಪೊಟ್ಟಣಕ್ಕೆ 50 ಎಂಎಲ್ ಹೆಚ್ಚು ತುಂಬಿ 2 ರೂಪಾಯಿ ಹೆಚ್ಚು ಮಾಡಿದಾಗ ನಿಮ್ಮ ಓದುಗರ ಪತ್ರಗಳಲ್ಲಿ ಎಷ್ಟು ಬೈಗುಳ ಬಂತು! ಲೆಕ್ಕ ಹಾಕಿ ನೋಡಿದೆ. ನೀಲಿ ಪೊಟ್ಟಣ, ಅರ್ಧ ಲೀಟರ್ 22 ಇದ್ದದ್ದು 550 ಎಂಎಲ್‌ಗೆ 24. ಹಾಲು ನೂರಕ್ಕೆ ಹತ್ತು ಹೆಚ್ಚು, ದುಡ್ಡು ನೂರಕ್ಕೆ ಒಂಬತ್ತು ಹೆಚ್ಚು. ಲೀಟರಿನದು 42 ಇದ್ದದ್ದು 1,050 ಎಂಎಲ್‌ಗೆ 44. ಹಾಲು ಐದು, ದುಡ್ಡು 4.76. ದರ ಏರಿಸಿಲ್ಲ ಅಂತ ಹಾಲು ಮಹಾಮಂಡಳದವರು ಹೇಳಿದ್ದು ಲೆಕ್ಕದಲ್ಲಿ ಸರಿಯೇ. ಆದರೆ ದಿನಕ್ಕೆ ಅರ್ಧ ಲೀಟರ್ ಮಾತ್ರ ಬೇಕಾದವಳಿಗೆ ಆ 50 ಎಂಎಲ್ ಬೇಡವಾಗಿತ್ತು, ತಿಂಗಳಿಗೆ ಅರವತ್ತು ರೂಪಾಯಿ ಮಾತ್ರ ಅವಳ ಕೈಯಿಂದ ಹೋಯಿತು. ಬೈದವರೂ ಸುಮ್ಮನೆ ಬೈದಿರಲಿಲ್ಲ.

ಈಗ ಡಿಸೆಂಬರಿನದು, ನನಗೆ ನಿಜವಾಗಿ ಸಿಟ್ಟು ತರಿಸಿದ್ದು. ರಿಸರ್ವ್ ಬ್ಯಾಂಕು ರೆಪೊ ದರವನ್ನು, ಅಂದರೆ ತಾನು ಬ್ಯಾಂಕುಗಳಿಗೆ ಕೊಡುವ ಸಾಲದ ಬಡ್ಡಿಯನ್ನು, ನೂರಕ್ಕೆ 5.50ರಿಂದ 5.25ಕ್ಕೆ ಇಳಿಸಿತು. ಮುಖಪುಟದಲ್ಲಿ ನೀವು ‘ರೆಪೊ ದರ ಶೇ 0.25 ಇಳಿಕೆ’ ಎಂದಿರಿ. ಐದೂವರೆ ನಿಜವಾಗಿಯೂ ಶೇ 0.25ರಷ್ಟು ಇಳಿದಿದ್ದರೆ 5.486 ಆಗುತ್ತಿತ್ತು, ಅದಕ್ಕೆ ಯಾರೂ ಮುಖಪುಟದಲ್ಲಿ ಜಾಗ ಕೊಡುತ್ತಿರಲಿಲ್ಲ. ಅದು ಇಳಿದದ್ದು ಕಾಲು ಅಂಶ, ಅಂದರೆ ನೂರಕ್ಕೆ ಐದೂವರೆ ಇದ್ದದ್ದು ನೂರಕ್ಕೆ ಐದೂಕಾಲು ಆಯಿತು. ಒಳಪುಟದ ವಾಣಿಜ್ಯ ಸುದ್ದಿಯಲ್ಲಿ ನೀವೇ ‘25 ಮೂಲಾಂಶ’ ಅಂತ ಚೊಕ್ಕವಾಗಿ ಬರೆದಿದ್ದೀರಿ, ನೂರು ಮೂಲಾಂಶಕ್ಕೆ ಒಂದು ಅಂಶ. ಒಂದೇ ಪತ್ರಿಕೆಯಲ್ಲಿ ಒಳಗಿನವರಿಗೆ ಗೊತ್ತಿರುವುದು ಹೊರಗಿನವರಿಗೆ ಗೊತ್ತಿಲ್ಲವೇ?

ಇದು ಕೂದಲು ಸೀಳುವ ಮಾತು ಅನಿಸಬಹುದು. ನಮ್ಮ ಡೈರಿಗೆ ಒಂದು ಬೆಳಗ್ಗೆ ಬನ್ನಿ. ಹಾಲನ್ನು ಯಂತ್ರಕ್ಕೆ ಹೀರಿಸಿದ ಕೂಡಲೇ ಎರಡು ಅಂಕಿ ಬರುತ್ತವೆ. ಒಂದು ಫ್ಯಾಟು, ಒಂದು ಎಸ್‌ಎನ್‌ಎಫ್. ಫ್ಯಾಟು 3.5 ಅಂದರೆ ನೂರು ಗ್ರಾಂ ಹಾಲಿನಲ್ಲಿ ಮೂರೂವರೆ ಗ್ರಾಂ ಜಿಡ್ಡು. ಎಸ್‌ಎನ್‌ಎಫ್ 8.5 ಅಂದರೆ ಜಿಡ್ಡು, ನೀರು ಎರಡನ್ನೂ ಬಿಟ್ಟು ಮಿಕ್ಕ ಗಟ್ಟಿ ಪದಾರ್ಥ ಎಂಟೂವರೆ ಗ್ರಾಂ. ನಮ್ಮ ಹೆಂಗಸರ ಬಟವಾಡೆ ನಿಂತಿರುವುದು ಈ ಎರಡು ಶೇಕಡಾಗಳ ಮೇಲೆ. ನಿನ್ನೆ 4.2 ಇದ್ದದ್ದು ಇವತ್ತು 4.0 ಬಂದರೆ ಅವರು ಏನನ್ನುತ್ತಾರೆ ಗೊತ್ತೇ? ‘ಎರಡು ಪಾಯಿಂಟ್ ಇಳಿದದೆ’ ಅನ್ನುತ್ತಾರೆ. ಎರಡು ಪರ್ಸೆಂಟ್ ಇಳಿಯಿತು ಅಂತ ಹತ್ತೊಂಬತ್ತು ವರ್ಷದಲ್ಲಿ ಒಬ್ಬಳೂ ಅಂದದ್ದಿಲ್ಲ. ಸಹಿ ಹಾಕಲು ಹೆಬ್ಬೆಟ್ಟು ಒತ್ತುವವರೂ ಅಂದದ್ದಿಲ್ಲ. ನೂರರಲ್ಲಿ ಎರಡು ಇಳಿದು 4.2 ಇದ್ದದ್ದು 2.2 ಆದರೆ ಅದು ಹಾಲೇ ಅಲ್ಲ ಅಂತ ಅವರಿಗೆ ಗೊತ್ತು. ಅದೇ ಫ್ಯಾಟು 3.5ರಿಂದ 4ಕ್ಕೆ ಏರಿದರೆ ಬರೀ ಐದು ಪಾಯಿಂಟು, ಆದರೆ ಕಾಯಿಸಿದರೆ ಸಿಗುವ ತುಪ್ಪ ನೂರಕ್ಕೆ ಹದಿನಾಲ್ಕರಷ್ಟು ಹೆಚ್ಚು. ಎರಡನ್ನೂ ಅವರು ಬೇರೆ ಬೇರೆ ಮಾತಿನಲ್ಲಿ ಹೇಳುತ್ತಾರೆ. ನಿಮ್ಮ ತಲೆಬರಹ ಎರಡಕ್ಕೂ ‘ಶೇ’ ಅನ್ನುತ್ತದೆ.

ಹಾಗಂತ ನಮ್ಮವರು ಎಡವುವುದೇ ಇಲ್ಲ ಅಂತಲ್ಲ. ನಮ್ಮ ಬೀದಿಯ ದೊಡ್ಡವ್ವ ಒಬ್ಬರಿದ್ದಾರೆ. ಮನೆಯಲ್ಲಿ ಹಸು ಆರು ಲೀಟರ್ ಕೊಡುತ್ತದೆ, ಎಮ್ಮೆ ಎರಡು ಲೀಟರ್. ಹಸುವಿನದು 3.6 ಫ್ಯಾಟು, ಎಮ್ಮೆಯದು 7. ಒಂದು ದಿನ ಎರಡೂ ಬೆರೆಸಿ ತಂದರು. ಮೊಮ್ಮಗ 3.6ಕ್ಕೆ 7 ಕೂಡಿಸಿ ಎರಡರಿಂದ ಭಾಗಿಸಿ, 5.3 ಬರುತ್ತದೆ ಅಂತ ಹೇಳಿ ಕಳಿಸಿದ್ದ. ಯಂತ್ರ 4.4 ತೋರಿಸಿತು.

‘ನಿನ್ ಮಿಷಿನ್ನು ಕೆಟ್ಟೋಗದೆ ಕಣಮ್ಮಿ!’

ನಾನು ಜಗಲಿಯ ಮೇಲೆ ಲೋಟ ಜೋಡಿಸಿದೆ. ಆರು ಹಸುವಿನವು, ಎರಡು ಎಮ್ಮೆಯವು. ಬಾಯಿಲೆಕ್ಕಕ್ಕೆ ಸುಲಭವಾಗಲಿ ಅಂತ 3.6ನ್ನು ಮೂರೂವರೆ ಮಾಡಿಕೊಂಡೆ. ‘ದೊಡ್ಡವ್ವಾ, ಆರು ಜನ ಮೂರೂವರೆ ರೂಪಾಯಿ ಹಿಡ್ಕೊಂಡ್ ನಿಂತವ್ರೆ, ಇಬ್ಬರು ಏಳೇಳು ರೂಪಾಯಿ ಹಿಡ್ಕೊಂಡ್ ನಿಂತವ್ರೆ. ಎಲ್ಲರದ್ದೂ ಒಟ್ಟು ಮಾಡಿ ಎಂಟು ಜನಕ್ಕೆ ಹಂಚು’ ಅಂದೆ. ಅವರು ಬಾಯಲ್ಲೇ ಕೂಡಿಸಿದರು. ಆರು ಮೂರೂವರೆ ಇಪ್ಪತ್ತೊಂದು, ಎರಡು ಏಳು ಹದಿನಾಲ್ಕು, ಮೂವತ್ತೈದು. ಎಂಟಕ್ಕೆ ಹಂಚಿದರೆ ನಾಲ್ಕೂ ಚಿಲ್ಲರೆ. ಸೆರಗು ಸರಿಮಾಡಿಕೊಂಡು, ‘ಆ ಹೈದಂಗೆ ನಾನ್ ಹೇಳ್ತೀನಿ ಬಿಡು’ ಅಂತ ಹೋದರು. ಮೊಮ್ಮಗ ಇಂಜಿನಿಯರಿಂಗ್ ಎರಡನೇ ವರ್ಷ.

ನೀರಿನ ಲೆಕ್ಕವೂ ಇದೇ ಬಗೆಯದು. ಹತ್ತು ಲೀಟರಿಗೆ ಒಂದು ಲೀಟರ್ ನೀರು ಬೆರೆಸಿದವನು ಹತ್ತು ಪರ್ಸೆಂಟ್ ಅಂದುಕೊಂಡಿರುತ್ತಾನೆ. ಕ್ಯಾನಿನಲ್ಲಿ ಈಗ ಹನ್ನೊಂದು ಲೀಟರ್ ಇದೆ, ನೀರು ಅದರಲ್ಲಿ ಹನ್ನೊಂದನೇ ಒಂದು ಪಾಲು, ನೂರಕ್ಕೆ ಒಂಬತ್ತು. ನಾಲ್ಕಿದ್ದ ಫ್ಯಾಟು 3.6ಕ್ಕೆ ಬರುತ್ತದೆ. ಫ್ಯಾಟಿನಲ್ಲಿ ತಪ್ಪಿಸಿಕೊಂಡೆ ಅಂದುಕೊಂಡವನು ಎಸ್‌ಎನ್‌ಎಫ್‌ನಲ್ಲಿ ಸಿಕ್ಕಿಬೀಳುತ್ತಾನೆ, ಅದು ಎಂಟೂವರೆಯಿಂದ 7.7ಕ್ಕೆ ಕುಸಿದಿರುತ್ತದೆ. ಇಂಥವರ ಹೆಸರು ಬರೆಯುವುದಿಲ್ಲ, ನಾಳೆ ಬೆಳಗ್ಗೆ ಮುಖ ನೋಡಬೇಕಲ್ಲ.

ನಮ್ಮ ಮಾವನಿಗೆ ಎಂಬತ್ನಾಲ್ಕು. ನಿಮ್ಮ ‘ಶೇ 7’ ಅನ್ನು ಅವರು ‘ಛೇ ಏಳು’ ಅಂತ ಓದುತ್ತಾರೆ, ಬೇಕೆಂದೇ. ಅವರ ಲೆಕ್ಕವೆಲ್ಲ ಇವತ್ತಿಗೂ ಆಣೆಯಲ್ಲಿ. 1957ರ ಏಪ್ರಿಲ್ ಒಂದರಿಂದ ರೂಪಾಯಿಗೆ ನೂರು ನಯಾಪೈಸೆ ಆದಾಗ ಅವರಿಗೆ ಹದಿನಾರು ವರ್ಷ. ಈ ಸಲ ಹೊಲ ನೋಡಿ ಬಂದು ‘ರಾಗಿ ಹತ್ತಾಣೆ’ ಅಂದರು. ಹದಿನಾರಕ್ಕೆ ಹತ್ತು, ನೂರಕ್ಕೆ ಅರವತ್ತೆರಡೂವರೆ. ತುಂಬು ಬೆಳೆ ಅಂದರೆ ಹದಿನಾರಾಣೆ ಎಂಬುದು ಕೇಳುವವನಿಗೂ ಹೇಳುವವನಿಗೂ ಗೊತ್ತಿರುತ್ತಿತ್ತು, ಯಾವುದರಲ್ಲಿ ಹತ್ತು ಅಂತ ಯಾರೂ ಕೇಳಬೇಕಾಗಿರಲಿಲ್ಲ. ಬಡ್ಡಿಯ ಮಾತೂ ಹಾಗೇ. ‘ಎರಡು ರೂಪಾಯಿ ಬಡ್ಡಿ’ ಅಂದರೆ ನೂರಕ್ಕೆ, ತಿಂಗಳಿಗೆ ಎರಡು ರೂಪಾಯಿ. ವರ್ಷಕ್ಕೆ ಇಪ್ಪತ್ನಾಲ್ಕು. ಊರಿನಲ್ಲಿ ಇದಕ್ಕೆ ವಿವರಣೆ ಬೇಕಿಲ್ಲ. ಸಂತೆಯಲ್ಲಿ ಮೀಟರ್ ಬಡ್ಡಿಗೆ ಕೊಡುವವನೂ ‘ಹತ್ತು ಪರ್ಸೆಂಟ್’ ಅನ್ನುತ್ತಾನೆ, ಬ್ಯಾಂಕಿನವರೂ ‘ಹತ್ತು ಪರ್ಸೆಂಟ್’ ಅನ್ನುತ್ತಾರೆ. ಅವನದು ತಿಂಗಳಿಗೆ, ಇವರದು ವರ್ಷಕ್ಕೆ. ಅದೂ ಅವನು ಹತ್ತು ಸಾವಿರಕ್ಕೆ ಮೊದಲ ತಿಂಗಳ ಸಾವಿರ ಮುರಿದುಕೊಂಡು ಒಂಬತ್ತು ಸಾವಿರ ಕೈಗಿಡುತ್ತಾನೆ. ಕೈಗೆ ಬಂದದ್ದು ಒಂಬತ್ತು, ಬಡ್ಡಿ ಹತ್ತಕ್ಕೆ. ಹೀಗೆ ನೋಡಿದರೆ ಅದು ನೂರಕ್ಕೆ ಹನ್ನೊಂದರ ಮೇಲಾಯಿತು, ತಿಂಗಳಿಗೆ.

ಇಷ್ಟೆಲ್ಲ ಉಪದೇಶ ಮಾಡುವ ನಾನೇ ಮೋಸ ಹೋದದ್ದನ್ನು ಹೇಳದಿದ್ದರೆ ಈ ಪತ್ರಕ್ಕೆ ಮರ್ಯಾದೆಯಿಲ್ಲ.

2022ರಲ್ಲಿ ಮಗನಿಗೆ ಬೈಕು ತೆಗೆಸಿಕೊಟ್ಟೆ. ಒಂದು ಲಕ್ಷ ಸಾಲ ಬೇಕಿತ್ತು. ನಮ್ಮ ಹೆಂಗಸರ ಸಂಘದಲ್ಲಿ ರೂಪಾಯಿ ಬಡ್ಡಿಗೆ ಕೊಡುತ್ತೇವೆ ಅಂದರು, ಅಂದರೆ ವರ್ಷಕ್ಕೆ ನೂರಕ್ಕೆ ಹನ್ನೆರಡು. ಬೈಕಿನ ಅಂಗಡಿಯಲ್ಲಿ ಟೈ ಕಟ್ಟಿಕೊಂಡು ಕೂತಿದ್ದ ಸಾಲದ ಕಂಪನಿಯ ಹುಡುಗ, ‘ಅಕ್ಕಾ, ನಮ್ಮದು ಬರೀ ಹತ್ತು ಪರ್ಸೆಂಟು, ಫ್ಲಾಟ್ ರೇಟು’ ಅಂದ. ಫ್ಲಾಟ್ ಅಂದರೆ ಏರುಪೇರಿಲ್ಲದ, ಸಮತಟ್ಟಾದ ದರ ಅಂತ ನಾನು ತಿಳಿದುಕೊಂಡೆ. ಎರಡು ಪರ್ಸೆಂಟ್ ಉಳಿಯಿತಲ್ಲ ಅಂತ ಸಂಘಕ್ಕೆ ಬೇಡ ಅಂದೆ. ಅಧ್ಯಕ್ಷೆ ಸ್ವಲ್ಪ ಮುಖ ದಪ್ಪ ಮಾಡಿಕೊಂಡರು ಕೂಡ.

ಮೂರು ವರ್ಷ, ಮೂವತ್ತಾರು ಕಂತು, ತಿಂಗಳಿಗೆ 3,611 ರೂಪಾಯಿ. ಎರಡು ವರ್ಷ ಕಟ್ಟಿದ ಮೇಲೆ ಒಂದು ರಾತ್ರಿ, ಕರೆಂಟು ಹೋಗಿತ್ತು, ನಿದ್ದೆ ಬರಲಿಲ್ಲ. ಮಗಳ ಹಳೆಯ ನೋಟ್‌ಬುಕ್ಕಿನಲ್ಲಿ ಮೂವತ್ತಾರು ಗೆರೆ ಎಳೆದು ಬರೆಯುತ್ತ ಹೋದೆ. ಲಕ್ಷಕ್ಕೆ ನೂರಕ್ಕೆ ಹತ್ತರಂತೆ ವರ್ಷಕ್ಕೆ ಹತ್ತು ಸಾವಿರ, ಮೂರು ವರ್ಷಕ್ಕೆ ಮೂವತ್ತು ಸಾವಿರ. ಒಂದು ಲಕ್ಷದ ಮೂವತ್ತು ಸಾವಿರವನ್ನು ಮೂವತ್ತಾರು ಮಾಡಿದ್ದಾರೆ. ಅಂದರೆ ಪ್ರತಿ ಕಂತಿನಲ್ಲಿ 2,778 ಅಸಲು, 833 ಬಡ್ಡಿ. ಮೊದಲ ಗೆರೆಯಲ್ಲಿ ನನ್ನ ಮೇಲೆ ಲಕ್ಷ ರೂಪಾಯಿ ಸಾಲವಿತ್ತು, ಬಡ್ಡಿ 833. ಸರಿ. ಹದಿನೆಂಟನೆಯ ಕಂತು ಕಟ್ಟಿದಾಗ ಅರ್ಧ ಅಸಲು ತೀರಿತ್ತು, ಮುಂದಿನ ಬಡ್ಡಿಯೂ 833. ಕೊನೆಯ ಗೆರೆಗೆ ಬಂದೆ. ಉಳಿದ ಅಸಲು 2,778. ಬಡ್ಡಿ ಮಾತ್ರ ಅದೇ 833.

ಲಾಟೀನು ಹತ್ತಿರ ಎಳೆದುಕೊಂಡು ಇನ್ನೊಂದು ಸಲ ನೋಡಿದೆ. ಎರಡು ಸಾವಿರದ ಏಳುನೂರ ಎಪ್ಪತ್ತೆಂಟಕ್ಕೆ ಒಂದು ತಿಂಗಳಿಗೆ ಎಂಟುನೂರ ಮೂವತ್ಮೂರು. ನಮ್ಮೂರ ಮಾತಿನಲ್ಲಿ ಮೂವತ್ತು ರೂಪಾಯಿ ಬಡ್ಡಿ! ಸಂತೆಯ ಮೀಟರ್ ಬಡ್ಡಿಯವನೂ ಆ ಕೊನೆಯ ತಿಂಗಳಿನಲ್ಲಿ ಇಷ್ಟು ಕೇಳುತ್ತಿರಲಿಲ್ಲ.

ಬ್ಯಾಂಕಿನಲ್ಲಿ ಕೆಲಸ ಮಾಡುವ ಸೋದರಳಿಯ ಕಂಪ್ಯೂಟರಿಗೆ ಹಾಕಿ ಹೇಳಿದ, ಉಳಿದ ಅಸಲಿನ ಮೇಲೆ ಮಾತ್ರ ಬಡ್ಡಿ ಹಾಕುವ ಲೆಕ್ಕಕ್ಕೆ ತಂದರೆ ಇದು ಹೆಚ್ಚುಕಡಿಮೆ ಹದಿನೆಂಟು ಪರ್ಸೆಂಟ್ ಅತ್ತೆ ಅಂತ. ಅಂದರೆ ಒಂದೂವರೆ ರೂಪಾಯಿ ಬಡ್ಡಿ. ನಾನು ಬೇಡ ಅಂದ ರೂಪಾಯಿ ಬಡ್ಡಿಯ ಸಂಘದ ಸಾಲಕ್ಕೆ, ಅವರು ಬಡ್ಡಿಯನ್ನು ಉಳಿದ ಅಸಲಿನ ಮೇಲೆ ಮಾತ್ರ ಹಾಕುತ್ತಾರೆ, ಕಂತು 3,321 ಆಗುತ್ತಿತ್ತು. ಮೂರು ವರ್ಷಕ್ಕೆ ಒಟ್ಟು ಬಡ್ಡಿ ಹತ್ತೊಂಬತ್ತೂವರೆ ಸಾವಿರ ಚಿಲ್ಲರೆ. ನಾನು ಕಟ್ಟಿದ್ದು ಮೂವತ್ತು ಸಾವಿರ. ಹನ್ನೆರಡು ಬಿಟ್ಟು ಹತ್ತು ಹಿಡಿದದ್ದಕ್ಕೆ ಹತ್ತು ಸಾವಿರದ ನಾಲ್ಕುನೂರು ದಂಡ. ದಿನಾ ಬೆಳಗ್ಗೆ ಸಂಜೆ ಶೇಕಡಾ ಓದಿ ಇನ್ನೊಬ್ಬರಿಗೆ ಬಟವಾಡೆ ಬರೆಯುವವಳ ಕಥೆ ಇದು. ಸಂಘದ ಅಧ್ಯಕ್ಷೆಗೆ ಇವತ್ತಿನವರೆಗೂ ಹೇಳಿಲ್ಲ. ಅವರೂ ನಿಮ್ಮ ಪತ್ರಿಕೆ ಓದುತ್ತಾರೆ, ಇನ್ನು ಗೊತ್ತಾಗುತ್ತದೆ.

ಆ ಹುಡುಗ ಸುಳ್ಳು ಹೇಳಿದ ಅಂತ ನಾನು ಅನ್ನಲಾರೆ. ಹತ್ತು ಪರ್ಸೆಂಟ್ ಅಂದ, ಹತ್ತು ಪರ್ಸೆಂಟೇ ತೆಗೆದುಕೊಂಡ. ತೀರಿಸಿದ ದುಡ್ಡಿನ ಮೇಲೂ ತೆಗೆದುಕೊಳ್ಳುತ್ತೇನೆ ಅಂತ ಅವನು ಹೇಳಲಿಲ್ಲ, ನಾನು ಕೇಳಲಿಲ್ಲ. ಈಗ ರಿಸರ್ವ್ ಬ್ಯಾಂಕಿನ ನಿಯಮ ಬಂದಿದೆ. 2024ರ ಅಕ್ಟೋಬರ್ ಒಂದರಿಂದ ಕೊಡುವ ಇಂಥ ಸಾಲಗಳಿಗೆಲ್ಲ ಒಂದು ಮುಖ್ಯಾಂಶಗಳ ಪತ್ರ ಕೊಡಬೇಕು, ‘ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್’ ಅನ್ನುತ್ತಾರೆ. ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲಿ ಇರಬೇಕು. ಅದರಲ್ಲಿ ‘ಎಪಿಆರ್’ ಅಂತ ಒಂದು ಅಂಕಿ ಇರುತ್ತದೆ, ಬಡ್ಡಿಯ ಜೊತೆಗೆ ಸಾಲದ ಮೇಲಿನ ಇತರ ಖರ್ಚನ್ನೂ ಸೇರಿಸಿದ ವರ್ಷದ ನಿಜ ದರ. ಬಾಯಲ್ಲಿ ಹೇಳುವ ಹತ್ತು, ಹನ್ನೊಂದನ್ನು ಬಿಟ್ಟು ಆ ಅಂಕಿಯ ಮೇಲೆ ಬೆರಳಿಟ್ಟು ನೋಡಿ ಅಂತ ನಮ್ಮ ಡೈರಿಗೆ ಬರುವವರಿಗೆಲ್ಲ ಹೇಳುತ್ತಿದ್ದೇನೆ. ನಿಮ್ಮ ಪತ್ರಿಕೆ ಈ ಒಂದು ಸಾಲನ್ನು ಸಾಲಮೇಳದ ಜಾಹೀರಾತಿನ ಪಕ್ಕದಲ್ಲಿ ಹಾಕಿದರೆ ನನಗಿಂತ ಹೆಚ್ಚು ಜನಕ್ಕೆ ತಲುಪುತ್ತದೆ.

ಆಷಾಢದ ಸೀರೆ ಸೇಲಿನ ‘50+20’ ಬಗ್ಗೆ ಉದ್ದಕ್ಕೆ ಬರೆಯುವುದಿಲ್ಲ, ನಾದಿನಿ ಎರಡು ಸಾವಿರದ ಸೀರೆಗೆ ಆರುನೂರು ಹಿಡಿದು ನಿಂತಿದ್ದಳು, ಬಿಲ್ಲು ಎಂಟುನೂರು ಬಂತು. ಎರಡನೆಯ ಇಪ್ಪತ್ತು ಉಳಿದ ಸಾವಿರದ ಮೇಲೆ. ಎಪ್ಪತ್ತು ಬಿಡುವವರು ಎಪ್ಪತ್ತು ಅಂತಲೇ ದೊಡ್ಡದಾಗಿ ಬರೆಯುತ್ತಿದ್ದರು ಅಂತ ಅವಳಿಗೆ ಹೇಳಿದೆ. ಅವಳು ನನ್ನಿಂದಲೇ ಇನ್ನೂರು ಈಸಿಕೊಂಡು ಸೀರೆ ತಂದಳು.

ಕೊನೆಯ ಮಗಳು ಈ ವರ್ಷ ಎಸ್ಸೆಸ್ಸೆಲ್ಸಿ. ಒಟ್ಟು 625 ಅಂಕ. ಅವಳಿಗೊಂದು ಸುಲಭದ ದಾರಿ ಹೇಳಿಕೊಟ್ಟಿದ್ದೇನೆ, ಬೇರೆ ಮಕ್ಕಳಿಗೂ ಉಪಯೋಗವಾಗಲಿ. ಬಂದ ಅಂಕವನ್ನು 16ರಿಂದ ಗುಣಿಸಿ ಬಲದಿಂದ ಎರಡು ಅಂಕಿ ಬಿಟ್ಟು ಚುಕ್ಕೆ ಇಡಿ. ಅರ್ಧವಾರ್ಷಿಕದಲ್ಲಿ ಅವಳಿಗೆ 487 ಬಂತು. ಹದಿನಾರರಿಂದ ಗುಣಿಸಿದರೆ 7,792. ಶೇಕಡಾ 77.92. ಯಾಕೆ ಹದಿನಾರು ಅಂದರೆ 625 ಹದಿನಾರಲೆ ಸರಿಯಾಗಿ ಹತ್ತು ಸಾವಿರ. ಪಕ್ಕದಲ್ಲಿ ಎಲೆ ಅಡಿಕೆ ಹಾಕುತ್ತಿದ್ದ ಮಾವ, ‘ನೋಡ್ದಾ, ಕೊನೆಗೂ ಹದಿನಾರಾಣೇಗೇ ಬಂತು’ ಅಂದರು. ಮಗಳು ತಕ್ಷಣ ಇನ್ನೊಂದು ಹಾಕಿ ನೋಡಿದಳು. ಅಕ್ಟೋಬರಿನಲ್ಲಿ ಪಾಸಾಗಲು ಒಟ್ಟಾರೆ ನೂರಕ್ಕೆ 33, 625ಕ್ಕೆ 206 ಸಾಕು ಅಂತ ಸರ್ಕಾರ ಹೇಳಿತಲ್ಲ, 206 ಹದಿನಾರಲೆ 3,296. ಅದು 32.96! ‘ಅಮ್ಮಾ, ನಾಲ್ಕು ಪೈಸೆ ಬಿಟ್ಟವ್ರೆ’ ಅಂದಳು. ಸರಿಯಾಗಿ 33 ಬೇಕಾದರೆ 206ರ ಮೇಲೆ ಕಾಲು ಅಂಕ ಬೇಕು, ಕಾಲು ಅಂಕವನ್ನು ಯಾವ ಮೇಷ್ಟ್ರು ಕೊಡುತ್ತಾರೆ? ಭಾವನ ಅರವತ್ತೆರಡು ಪೈಸೆ ನೆನಪಾಯಿತು. ಈ ಮನೆತನದ ರಕ್ತವೇ ಹಾಗೆ.

ಫಲಿತಾಂಶದ ದಿನ ನೀವು ಏನು ಬರೆಯುತ್ತೀರಿ ಎಂಬ ಭಯ ನನಗೆ ಈಗಿನಿಂದಲೇ ಇದೆ. ಒಂದು ಜಿಲ್ಲೆಯಲ್ಲಿ ಹೋದ ವರ್ಷ ನೂರಕ್ಕೆ ನಲವತ್ತು ಪಾಸು, ಈ ವರ್ಷ ಐವತ್ತು ಅಂತಿಟ್ಟುಕೊಳ್ಳಿ. ಒಬ್ಬರು ಶೇ 10 ಏರಿಕೆ ಅನ್ನುತ್ತಾರೆ, ಇನ್ನೊಬ್ಬರು ಶೇ 25 ಏರಿಕೆ ಅನ್ನುತ್ತಾರೆ. ಮೊದಲನೆಯವರು ಹೇಳಬೇಕಾದದ್ದು ಹತ್ತು ಅಂಶ. ಎರಡನೆಯವರ ಲೆಕ್ಕ ಸರಿ, ಆದರೆ ಅದನ್ನು ಓದಿದ ಜಗಲಿಯ ಜನ ನಲವತ್ತಕ್ಕೆ ಇಪ್ಪತ್ತೈದು ಕೂಡಿಸಿ ಅರವತ್ತೈದು ಮಾಡಿಬಿಡುತ್ತಾರೆ. ಹಳೆಯ ಅಂಕಿ, ಹೊಸ ಅಂಕಿ ಎರಡನ್ನೂ ತಲೆಬರಹದ ಕೆಳಗೇ ಹಾಕಿಬಿಡಿ. ‘40ರಿಂದ 50ಕ್ಕೆ’. ಹತ್ತು ಅಕ್ಷರದ ಜಾಗವೂ ಬೇಡ. ತುಪ್ಪಕ್ಕೂ ‘650ರಿಂದ 610ಕ್ಕೆ’ ಅಂತ ಅವತ್ತು ಮೇಲೇ ಇದ್ದಿದ್ದರೆ ನನ್ನ ಒಂದು ಬೆಳಗ್ಗೆ ಉಳಿಯುತ್ತಿತ್ತು. ದರವೇ ನೂರಕ್ಕೆ ಇಷ್ಟು ಅಂತ ಇರುವಲ್ಲಿ, ಅದು ಬಡ್ಡಿಯಾಗಲಿ, ತೆರಿಗೆಯಾಗಲಿ, ಫಲಿತಾಂಶವಾಗಲಿ, ಏರಿಳಿತಕ್ಕೆ ‘ಅಂಶ’ ಬಳಸಿ. ನಿಮ್ಮ ವಾಣಿಜ್ಯ ಪುಟದವರಿಗೆ ಈ ಪದ ಗೊತ್ತು, ಮುಖಪುಟದವರಿಗೆ ಹೇಳಿಕೊಟ್ಟರಾಯಿತು. ಪದ ಹಿಡಿಸದಿದ್ದರೆ ನಮ್ಮ ಡೈರಿಯ ‘ಪಾಯಿಂಟು’ ಇದೆ, ಎರವಲು ಕೊಡುತ್ತೇವೆ. ನಮ್ಮಲ್ಲಿ ಅದು ಅಂಶದ ಹತ್ತನೇ ಒಂದು ಪಾಲು ಅನ್ನುವುದನ್ನು ಮಾತ್ರ ಮರೆಯಬೇಡಿ.

ಐದು ಗಂಟೆಗೆ ಸಂಜೆಯ ಹಾಲಿಗೆ ಬಾಗಿಲು ತೆಗೆಯಬೇಕು. ಪತ್ರ ಉದ್ದವಾಯಿತು, ಗೊತ್ತು. ಜಾಗ ಸಾಲದೆ ನೂರಕ್ಕೆ ಐವತ್ತು ಕತ್ತರಿಸಿದರೂ, ಉಳಿದದ್ದರಲ್ಲಿ ಮತ್ತೆ ಇಪ್ಪತ್ತು ಕತ್ತರಿಸಿದರೂ ಬೇಸರವಿಲ್ಲ, ನಲವತ್ತು ಉಳಿಯುತ್ತದೆ. ತುಪ್ಪದ ಲೆಕ್ಕ ಇರುವ ಭಾಗವನ್ನು ಮಾತ್ರ ದಯವಿಟ್ಟು ಮುಟ್ಟಬೇಡಿ. ಭಾವ ದಿನಾ ಬೆಳಗ್ಗೆ ಪೇಪರು ಬಿಡಿಸಿ ಮೊದಲು ಓದುಗರ ಪತ್ರಗಳ ಪುಟ ನೋಡುತ್ತಿದ್ದಾರೆ.

ಇಂತಿ,
ಹಾಲು ಪರೀಕ್ಷಕಿ,
ಮಹಿಳಾ ಹಾಲು ಉತ್ಪಾದಕರ ಸಹಕಾರ ಸಂಘ,
ನಾಗಮಂಗಲ ತಾಲ್ಲೂಕು, ಮಂಡ್ಯ ಜಿಲ್ಲೆ